ಮಗಳ ಹೆಸರಲ್ಲಿ ನೀವು ಮೇಲ್ ಬರೆಯಬೇಡಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ತಾಯಿಯೊಬ್ಬರು ಬರೆದಿದ್ದಾರೆ. ಮಗಳು ಹನ್ನೊಂದನೇ ತರಗತಿಯಲ್ಲಿದ್ದಾಳೆ. ಹೈಸ್ಕೂಲಿನ ಜೊತೆಗೇ ಓಲೋನಿ ಎಂಬ ಕಮ್ಯುನಿಟಿ ಕಾಲೇಜಿನಲ್ಲಿ (ಎಲ್ಲರಿಗೂ ತೆರೆದಿರುವ ಎರಡು ವರ್ಷದ ಸರ್ಕಾರಿ ಕಾಲೇಜು) ಸೈಕಾಲಜಿ, ಕ್ಯಾಲ್ಕುಲಸ್ ಎರಡನ್ನೂ ತೆಗೆದುಕೊಂಡಿದ್ದಾಳೆ. ಸೈಕಾಲಜಿ ಅವಳಿಗೆ ಇಷ್ಟ. ಕ್ಯಾಲ್ಕುಲಸ್‌ನ ಎರಡು ಟೆಸ್ಟ್‌ಗಳೂ ಕೆಟ್ಟಿವೆ. ಈಗ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ‘ಡಬ್ಲ್ಯೂ’, ಅಂದರೆ ಕೋರ್ಸನ್ನು ನಡುವೆ ಬಿಟ್ಟ ಗುರುತು, ಬೀಳುತ್ತದೆ, ಬಿಡದಿದ್ದರೆ ‘ಡಿ’, ಅಂದರೆ ತೀರಾ ಕಡಿಮೆ ಗ್ರೇಡ್, ಬರಬಹುದು. ಬಿಡಿಸುವುದೋ ಬೇಡವೋ ಎಂಬುದು ಅವರ ಪ್ರಶ್ನೆ. ಯಜಮಾನರ ಸ್ನೇಹಿತರೊಬ್ಬರು, ‘ಡಬ್ಲ್ಯೂ ಬಿದ್ರೆ ಬರ್ಕ್ಲಿ ಯೂನಿವರ್ಸಿಟಿ ಆಸೆ ಬಿಟ್ಬಿಡಿ’ ಅಂದಿದ್ದಾರಂತೆ.

ಅಮ್ಮಾ, ನೀವು ಕೇಳಿದ ಪ್ರಶ್ನೆಗಿಂತ, ನಡುವೆ ಹಾಗೇ ಹೇಳಿಬಿಟ್ಟ ಒಂದು ಮಾತು ನನ್ನನ್ನು ಕಾಡಿತು: ‘ಅವಳಿಗೆ ಟೈಮ್ ಇರಲ್ಲ, ಕ್ಯಾನ್ವಾಸ್‌ಗೆ (ಕಾಲೇಜಿನ ಕೋರ್ಸ್ ವೆಬ್‌ಸೈಟ್) ನಾನೇ ಲಾಗಿನ್ ಆಗಿ ನೋಡ್ತೀನಿ. ಪ್ರೊಫೆಸರ್‌ಗೆ ಮೇಲ್ ಕೂಡ ಅವಳ ಹೆಸರಲ್ಲಿ ನಾನೇ ಕಳಿಸ್ತೀನಿ.’ ಆಮೇಲೆ, ಎಷ್ಟು ಹೇಳಿದರೂ ಮಗಳು ಆಫೀಸ್ ಅವರ್‌ಗೆ, ಅಂದರೆ ಪ್ರೊಫೆಸರ್ ವಿದ್ಯಾರ್ಥಿಗಳಿಗೆಂದೇ ಸಿಗುವ ಹೊತ್ತಿಗೆ, ಹೋಗುವುದಿಲ್ಲ ಎಂದು ದೂರಿದ್ದೀರಿ. ಹೇಗೆ ಹೋದಾಳು? ‘ಮೊನ್ನೆ ಮೇಲ್‌ನಲ್ಲಿ ಕೇಳಿದ್ದೆಯಲ್ಲ’ ಎಂದು ಪ್ರೊಫೆಸರ್ ಮಾತು ತೆಗೆದರೆ, ತಾನು ಓದಿಯೇ ಇಲ್ಲದ ಮೇಲ್‌ ಬಗ್ಗೆ ಆ ಹುಡುಗಿ ಏನು ಹೇಳಬೇಕು?

ಹೈಸ್ಕೂಲಿನಲ್ಲಿ ನಿಮ್ಮ ಮಾತು ನಡೆಯುತ್ತದೆ, ನಿಜ. ಕಾಲೇಜಿನ ಮಾತು ಬೇರೆ. ಫೆರ್ಪಾ ಎಂಬ, ವಿದ್ಯಾರ್ಥಿ ದಾಖಲೆಗಳ ಗೋಪ್ಯತೆ ಕಾಯುವ ಅಮೆರಿಕದ 1974ರ ಕಾಯ್ದೆಯಂತೆ, ಕಾಲೇಜಿನ ತರಗತಿಗೆ ಸೇರಿದ ಮೇಲೆ ಅಲ್ಲಿನ ದಾಖಲೆಗಳ ಹಕ್ಕು ವಿದ್ಯಾರ್ಥಿಯದು, ವಯಸ್ಸು ಹದಿನಾರೇ ಆಗಿರಲಿ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಮಕ್ಕಳಿಗೆ ಒಂದು ಟರ್ಮ್‌ಗೆ 11 ಯೂನಿಟ್ (ಕ್ರೆಡಿಟ್) ವರೆಗೆ ಸಾಮಾನ್ಯವಾಗಿ ಎನ್‌ರೋಲ್‌ಮೆಂಟ್ ಫೀ ಇರುವುದಿಲ್ಲ. ಪುಕ್ಕಟೆ ಕ್ರೆಡಿಟ್ ಸಿಗುತ್ತದೆಂದು ನಮ್ಮವರು ಮುಗಿಬೀಳುತ್ತಾರೆ. ಆದರೆ ಕಮ್ಯುನಿಟಿ ಕಾಲೇಜಿನ ನಿಜವಾದ ಲಾಭ, ಕೆಲಸ ಮುಗಿಸಿ ಓಡಿಬರುವ ದೊಡ್ಡವರ ಪಕ್ಕದಲ್ಲಿ ಕೂತು, ತನ್ನ ಅನುಮಾನವನ್ನು ತಾನೇ ಬಾಯಿಬಿಟ್ಟು ಕೇಳಲು ಕಲಿಯುವುದು. ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಲದು. ನಿಮ್ಮ ಮಗಳಿಗೆ ಆ ಅವಕಾಶವೇ ಸಿಕ್ಕಿಲ್ಲ.

ಆ ಸ್ನೇಹಿತರ ಮೇಲೆ ನನಗೆ ತುಂಬ ಸಿಟ್ಟಿದೆ. ತಮಗೆ ಸಂಬಂಧವಿಲ್ಲದ ಮನೆಯಲ್ಲಿ ಭಯ ಬಿತ್ತಿ ಹೋಗಿದ್ದಾರೆ. ಡಬ್ಲ್ಯೂ ಜಿಪಿಎಗೆ, ಅಂದರೆ ಗ್ರೇಡ್‌ಗಳ ಸರಾಸರಿಗೆ, ಸೇರುವುದೇ ಇಲ್ಲ. ಡಿ ಸೇರುತ್ತದೆ. ಯುಸಿಗೆ (ಬರ್ಕ್ಲಿಯೂ ಸೇರಿರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ) ಅರ್ಜಿ ಹಾಕುವಾಗ ಕಾಲೇಜಿನ ಎಲ್ಲ ಕೋರ್ಸ್‌ಗಳನ್ನೂ ತೋರಿಸಬೇಕು. ಮುಂದೆ ಮೆಡಿಕಲ್ ಕಡೆ ಮನಸ್ಸಾದರೆ, ಹೈಸ್ಕೂಲಿನಲ್ಲಿದ್ದಾಗ ಪಡೆದ ಕಾಲೇಜು ಗ್ರೇಡ್‌ಗಳೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಭಯಪಡುವುದಿದ್ದರೆ ಡಿಗೆ ಭಯಪಡಿ. ಯಜಮಾನರಿಗೂ ಇದನ್ನು ಓದಿಸಿ.

ಈಗ ನೀವು ಮಾಡಬೇಕಾದದ್ದು ಒಂದೇ. ಇವತ್ತೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀವು ಕಳಿಸಿದ ಮೇಲ್‌ಗಳನ್ನೆಲ್ಲ ತೋರಿಸಿ. ಪಾಸ್‌ವರ್ಡ್ ಅವಳೇ ಬದಲಾಯಿಸಲಿ. ಹೊಸದನ್ನು ಕೇಳಬೇಡಿ.

ಉಳಿದದ್ದು ಅವಳ ಕೆಲಸ. ಡಬ್ಲ್ಯೂ ಜೊತೆ ಕೋರ್ಸ್ ಬಿಡಲು ಕೊನೆಯ ದಿನ ಯಾವುದೆಂದು ಕಾಲೇಜಿನ ಕ್ಯಾಲೆಂಡರ್‌ನಲ್ಲಿ ನೋಡಿಕೊಳ್ಳಲಿ, ಅದು ದಾಟಿದರೆ ಗ್ರೇಡ್ ಬಿದ್ದೇ ಬೀಳುತ್ತದೆ. ಈ ಕ್ಯಾಲ್ಕುಲಸ್ ಹೈಸ್ಕೂಲಿನ ಗಣಿತದ ಲೆಕ್ಕಕ್ಕೂ ಸೇರಿದೆಯೇ ಎಂದು ಶಾಲೆಯ ಕೌನ್ಸೆಲರ್ ಹತ್ತಿರ ಕೇಳಲಿ. ಪ್ರೊಫೆಸರನ್ನೂ ಒಮ್ಮೆ ಕಂಡು ಬರಲಿ. ಆಮೇಲೆ ಬಿಡುತ್ತೇನೆ ಅಂದರೆ ಒಪ್ಪಿಕೊಳ್ಳಿ, ಮುಂದುವರಿಸುತ್ತೇನೆ ಅಂದರೂ ಒಪ್ಪಿಕೊಳ್ಳಿ. ಕಾಲೇಜಿಗೆ ಕಾರಿನಲ್ಲಿ ಬಿಟ್ಟು ಬನ್ನಿ, ಒಳಗೆ ಮಾತ್ರ ಹೋಗಬೇಡಿ.