ಕೊಂದವರು ಯಾರು ಎಂದು ಬರೆಯಿರಿ

ಪ್ರಿಯ ಗೆಳೆಯರೇ,

ನೀವು ಕಳಿಸಿದ 'ಕ್ಷಮೆಯ ನಾಡು' ಲೇಖನ ತಲುಪಿತು. ವರ್ಣಭೇದದ ಆಡಳಿತ ಕೊನೆಗೊಂಡ ಮೇಲೆ ದಕ್ಷಿಣ ಆಫ್ರಿಕಾ ನ್ಯಾಯವನ್ನು ಹೇಗೆ ಅರಸಿತು, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷರಾಗಿದ್ದ ಸತ್ಯ ಮತ್ತು ಸಾಮರಸ್ಯ ಆಯೋಗ ಏನು ಮಾಡಿತು ಎಂಬುದನ್ನು ಹೊಸ ಲೇಖಕರೊಬ್ಬರು ಇಷ್ಟು ಓದಿಕೊಂಡು ಕನ್ನಡದಲ್ಲಿ ಬರೆದಿರುವುದು ಸಂತೋಷದ ವಿಷಯ. ಇಸವಿಗಳು ಸರಿಯಾಗಿವೆ, ಸೊವೆಟೊ ಶಾಲಾಮಕ್ಕಳ ಭಾಗ ಚೆನ್ನಾಗಿದೆ. ಆದರೂ ಲೇಖನವನ್ನು ಈ ರೂಪದಲ್ಲಿ ಪ್ರಕಟಿಸಲಾರೆ. ಓದುತ್ತ ಹೋದಂತೆ ನನಗೆ ಸಿಟ್ಟು ಬಂದಿತು. ಆ ಸಿಟ್ಟಿಗೆ ಕಾರಣವಾದ ಕೆಲವು ವಾಕ್ಯಗಳನ್ನಷ್ಟೇ ಇಲ್ಲಿ ಎತ್ತಿಕೊಳ್ಳುತ್ತೇನೆ. ಗಾಂಧೀಜಿಯ ರೈಲು ಪ್ರಸಂಗ, ಮಂಡೇಲಾ ಅವರ ಸೆರೆವಾಸ, 1994ರ ಚುನಾವಣೆ, ಇವುಗಳ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ಎರಡನೆಯ ಪುಟದಲ್ಲಿ ಹೀಗೆ ಬರೆದಿದ್ದೀರಿ: "1985ರಲ್ಲಿ ಕ್ರಾಡಾಕ್ ಪಟ್ಟಣದ ನಾಲ್ವರು ಹೋರಾಟಗಾರರು ಹಿಂಸಾಚಾರದಲ್ಲಿ ಪ್ರಾಣ ಕಳೆದುಕೊಂಡರು." ಈ ವಾಕ್ಯದಲ್ಲಿ ಏನನ್ನಾದರೂ ಮಾಡಿದವರು ಯಾರು? ಸತ್ತವರು ಮಾತ್ರ. ಅವರೇ ಎಲ್ಲಿಗೋ ಹೋಗಿ, ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡಂತಿದೆ. ನಡೆದದ್ದು ನಿಮಗೂ ಗೊತ್ತು. ಮ್ಯಾಥ್ಯೂ ಗೊನಿವೆ, ಫೋರ್ಟ್ ಕಲಾಟ, ಸ್ಪ್ಯಾರೊ ಮ್ಕೊಂಟೊ, ಸಿಸೆಲೊ ಮ್ಹ್ಲಾವುಲಿ ಎಂಬ ನಾಲ್ವರು 1985ರ ಜೂನ್ 27ರ ರಾತ್ರಿ ಪೋರ್ಟ್ ಎಲಿಜಬೆತ್‌ನಿಂದ ಕಾರಿನಲ್ಲಿ ಊರಿಗೆ ಮರಳುತ್ತಿದ್ದರು. ಭದ್ರತಾ ಪೊಲೀಸರು ದಾರಿಯಲ್ಲಿ ಕಾರನ್ನು ತಡೆದರು, ನಾಲ್ವರನ್ನೂ ಕೊಂದರು, ಹೆಣಗಳನ್ನು ಸುಟ್ಟರು. ತಡೆದರು, ಕೊಂದರು, ಸುಟ್ಟರು. ಕನ್ನಡದಲ್ಲಿ ಇದಕ್ಕಿಂತ ಸುಲಭವಾದ ಕ್ರಿಯಾಪದಗಳಿಲ್ಲ. ಇವನ್ನು ಬಿಟ್ಟು 'ಹಿಂಸಾಚಾರ' ಎಂಬ ಮುಸುಕನ್ನು ನೀವೇಕೆ ಎಳೆದಿರಿ ಎಂಬುದು ನನಗೆ ತಿಳಿಯುತ್ತಿಲ್ಲ.

ಇದನ್ನು ಶೈಲಿಯ ಸಣ್ಣ ದೋಷವೆಂದು ತಿಳಿಯಬೇಡಿ. ಈ ನಾಲ್ವರ ಸಾವಿನ ಬಗ್ಗೆ ನಡೆದ ಮೊದಲ ನ್ಯಾಯಾಲಯ ವಿಚಾರಣೆ, ಅವರನ್ನು ಯಾರೋ ಅಪರಿಚಿತರು ಕೊಂದಿದ್ದಾರೆ ಎಂದು ಹೇಳಿ ಕಡತ ಮುಚ್ಚಿತು. 1992ರಲ್ಲಿ ಪತ್ರಿಕೆಯೊಂದು ಸೇನೆಯ ಗುಪ್ತ ಸಂದೇಶವೊಂದನ್ನು ಪ್ರಕಟಿಸಿತು. ಗೊನಿವೆ ಮತ್ತಿತರರನ್ನು ಸಮಾಜದಿಂದ ಶಾಶ್ವತವಾಗಿ ತೆಗೆದುಹಾಕಬೇಕು ಎಂಬ ಸೂಚನೆ ಅದರಲ್ಲಿತ್ತು. ಅದರಿಂದಾಗಿ ಎರಡನೆಯ ವಿಚಾರಣೆ ನಡೆಯಿತು. ಭದ್ರತಾ ಪಡೆಗಳೇ ಹೊಣೆ ಎಂದು ನ್ಯಾಯಾಧೀಶರು 1994ರಲ್ಲಿ ಹೇಳಿದರು, ಆದರೆ ಇಂಥವರೇ ಕೊಂದರು ಎಂದು ಹೆಸರಿಸಲು ಅವರಿಗೂ ಆಗಲಿಲ್ಲ. ಹೆಸರುಗಳು ಹೊರಬಂದದ್ದು, ಸತ್ಯ ಹೇಳಿದವರನ್ನು ಮೊಕದ್ದಮೆಯಿಂದ ಬಿಡುವ ಅಧಿಕಾರವಿದ್ದ ಆಯೋಗದ ಕ್ಷಮಾದಾನ ಸಮಿತಿಯ ಮುಂದೆ, ಪೊಲೀಸರು ತಾವೇ ಅರ್ಜಿ ಹಾಕಿಕೊಂಡಾಗ. 1999ರ ಡಿಸೆಂಬರ್‌ನಲ್ಲಿ ಸಮಿತಿ ಹೆರಾಲ್ಡ್ ಸ್ನೈಮನ್, ಎರಿಕ್ ಟೇಲರ್ ಸೇರಿದಂತೆ ಆರು ಮಂದಿಯ ಅರ್ಜಿಗಳನ್ನು ತಳ್ಳಿಹಾಕಿತು. 'ಯಾರೋ' ಎಂಬಲ್ಲಿಂದ ಈ ಹೆಸರುಗಳವರೆಗೆ ಬರಲು ಆ ನಾಲ್ವರ ಹೆಂಡಂದಿರಿಗೆ ಹತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ನೀವು ಒಂದೇ ವಾಕ್ಯದಲ್ಲಿ ಓದುಗರನ್ನು ಮತ್ತೆ ಮೊದಲ ವಿಚಾರಣೆಯ ಕಡತಕ್ಕೆ ಕರೆದೊಯ್ದಿದ್ದೀರಿ.

ಅದೇ ಪುಟದ ಕೆಳಗೆ: "ಸ್ಟೀವ್ ಬಿಕೊ ಪೊಲೀಸ್ ವಶದಲ್ಲಿದ್ದಾಗ ಸಾವಿಗೀಡಾದರು." ಜ್ವರ ಬಂದು ಸತ್ತವರೂ ಹೀಗೆಯೇ ಸಾವಿಗೀಡಾಗುತ್ತಾರೆ. ವರ್ಣಭೇದದ ವಿರುದ್ಧ ಹೋರಾಡಿದ ನಾಯಕ ಬಿಕೊ ತಲೆಗೆ ಪೋರ್ಟ್ ಎಲಿಜಬೆತ್‌ನ ಪೊಲೀಸ್ ಕಚೇರಿಯಲ್ಲಿ ಪೆಟ್ಟು ಬಿದ್ದಿತ್ತು. ಆ ಸ್ಥಿತಿಯಲ್ಲಿ ಪೊಲೀಸರು ಅವರನ್ನು ಬೆತ್ತಲೆಯಾಗಿ ಜೀಪೊಂದರ ಹಿಂಭಾಗದಲ್ಲಿ ಮಲಗಿಸಿ, ಸಾವಿರ ಕಿಲೋಮೀಟರಿಗೂ ದೂರದ ಪ್ರಿಟೋರಿಯಾಕ್ಕೆ ಸಾಗಿಸಿದರು. 1977ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು. ಪೊಲೀಸ್ ಖಾತೆಯ ಸಚಿವ ಜಿಮ್ಮಿ ಕ್ರೂಗರ್ ಮೊದಲು ಉಪವಾಸ ಮುಷ್ಕರದ ಮಾತನ್ನಾಡಿದ. ಆ ವರ್ಷದ ಡಿಸೆಂಬರ್‌ನಲ್ಲಿ ಮುಗಿದ ವಿಚಾರಣೆಯಲ್ಲಿ ಮ್ಯಾಜಿಸ್ಟ್ರೇಟರು ಯಾರನ್ನೂ ಹೊಣೆ ಮಾಡಲಿಲ್ಲ. ಇಪ್ಪತ್ತು ವರ್ಷಗಳ ನಂತರ ಐವರು ಪೊಲೀಸರು ಕ್ಷಮಾದಾನ ಕೇಳಿದರು. ತಳ್ಳಾಟದಲ್ಲಿ ಬಿಕೊ ತಲೆ ಗೋಡೆಗೆ ಬಡಿಯಿತು ಎಂಬುದು ಅವರ ಕಥೆ. 1999ರಲ್ಲಿ ಅವರಿಗೂ ಕ್ಷಮಾದಾನ ಸಿಗಲಿಲ್ಲ. ಬಿಕೊ ಅವರನ್ನು ಪ್ರಶ್ನಿಸಿದ ತಂಡದ ಮುಖ್ಯಸ್ಥನ ಹೆಸರನ್ನು ನಿಮ್ಮ ಟಿಪ್ಪಣಿಗಳಲ್ಲಿ ಹುಡುಕಿ ನೋಡಿ. ಅವನು ಹೆರಾಲ್ಡ್ ಸ್ನೈಮನ್. ಕ್ರಾಡಾಕ್ ನಾಲ್ವರ ಕಡತದಲ್ಲಿರುವ ಸ್ನೈಮನ್ನೇ. 1977ರಲ್ಲಿ ಯಾರನ್ನೂ ಹೊಣೆ ಮಾಡದೆ ಬಿಟ್ಟದ್ದಕ್ಕೂ 1985ರಲ್ಲಿ ನಡೆದದ್ದಕ್ಕೂ ಇರುವ ನಂಟನ್ನು ಈ ಒಂದು ಹೆಸರು ತೋರಿಸುತ್ತದೆ. ನಿಮ್ಮ ಲೇಖನದ ಬೆನ್ನೆಲುಬಾಗಬೇಕಿದ್ದ ಸಂಗತಿ ಇದು. ಎರಡೂ ವಾಕ್ಯಗಳಿಂದ ಮಾಡಿದವನನ್ನು ಹೊರಗಿಟ್ಟದ್ದರಿಂದ ಅದು ನಿಮ್ಮ ಕೈತಪ್ಪಿಹೋಯಿತು.

ಮೂರನೆಯ ಪುಟದ ವಾಕ್ಯ ಇನ್ನೂ ಕೆಟ್ಟದ್ದು. "ಶಿಕ್ಷಕ ಅಹ್ಮದ್ ಟಿಮೋಲ್ 1971ರಲ್ಲಿ ಜೋಹಾನ್ಸ್‌ಬರ್ಗಿನ ಪೊಲೀಸ್ ಕಟ್ಟಡದ ಹತ್ತನೆಯ ಮಹಡಿಯಿಂದ ಬಿದ್ದು ಮೃತಪಟ್ಟರು." ಇಲ್ಲಿ ನೀವು ಮಾಡಿದವರನ್ನು ಮರೆಮಾಡಿದ್ದಷ್ಟೇ ಅಲ್ಲ, ಪೊಲೀಸರ ಪರವಾಗಿ ಸಾಕ್ಷಿಯನ್ನೇ ನುಡಿದಿದ್ದೀರಿ. ಟಿಮೋಲ್ ತಾವೇ ಹಾರಿದರು ಎಂದು ಪೊಲೀಸರು ಹೇಳಿದರು, 1972ರಲ್ಲಿ ಮ್ಯಾಜಿಸ್ಟ್ರೇಟರು ಅದನ್ನು ಆತ್ಮಹತ್ಯೆ ಎಂದು ಒಪ್ಪಿದರು. ಅವರ ತಾಯಿ ಹವಾ ಟಿಮೋಲ್ 1996ರಲ್ಲಿ ಆಯೋಗದ ಮುಂದೆ ಕುಳಿತು ಮಗನ ಸಾವಿನ ಸತ್ಯ ಬೇಕೆಂದು ಕೇಳಿದರು. ಅದು ಸಿಗುವ ಮುನ್ನವೇ ಅವರು ತೀರಿಕೊಂಡರು. ಕುಟುಂಬದವರು ಬಿಡದೆ ಬೆನ್ನುಹತ್ತಿದ ಮೇಲೆ 2017ರಲ್ಲಿ ವಿಚಾರಣೆ ಮತ್ತೆ ಆರಂಭವಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ನ್ಯಾಯಾಧೀಶ ಬಿಲ್ಲಿ ಮೊಟ್ಲೆ ತೀರ್ಪು ಕೊಟ್ಟರು: ಟಿಮೋಲ್ ಹಾರಲಿಲ್ಲ, ಅವರನ್ನು ಕೆಳಗೆ ತಳ್ಳಲಾಯಿತು, ಇದು ಕೊಲೆ. ಬೀಳುವ ಮೊದಲೇ ಮೈಮೇಲೆ ಗಾಯಗಳಿದ್ದವು ಎಂದು ವೈದ್ಯರು ಹೇಳಿದ್ದರು. 'ಬಿದ್ದು' ಎಂಬುದನ್ನು ತೆಗೆಸಿಹಾಕಲು ಒಂದು ಮನೆತನ ನಲವತ್ತಾರು ವರ್ಷ ಹೋರಾಡಿದೆ. ದಯವಿಟ್ಟು ಅದನ್ನು ನಿಮ್ಮ ಲೇಖನದಿಂದಲೂ ತೆಗೆಯಿರಿ.

ನಾನು ಜಿಲ್ಲಾ ಪತ್ರಿಕೆಯೊಂದರಲ್ಲಿ ಕೆಲಸ ಕಲಿತವನು. ಸಂಜೆಯಾದರೆ ಠಾಣೆಗಳಿಂದ ಬಂದ ಪ್ರಕಟಣೆಗಳ ಕಟ್ಟು ಮೇಜಿನ ಮೇಲೆ ಬೀಳುತ್ತಿತ್ತು. ಅವುಗಳ ಭಾಷೆ ಒಂದೇ ಬಗೆಯದು: ಲಘು ಲಾಠಿ ಪ್ರಹಾರ ನಡೆಯಿತು, ಗೋಲಿಬಾರ್ ಆಯಿತು, ಆರೋಪಿ ಎದೆನೋವಿನಿಂದ ಕುಸಿದುಬಿದ್ದ, ಅಹಿತಕರ ಘಟನೆ ಸಂಭವಿಸಿತು. ನಮ್ಮ ಹಿರಿಯ ಉಪಸಂಪಾದಕರು ಇಂಥ ವಾಕ್ಯ ಕಂಡರೆ ಕಾಗದವನ್ನು ಕೆಳಗಿಟ್ಟು ವರದಿಗಾರನನ್ನು ಕರೆಯುತ್ತಿದ್ದರು. ಲಾಠಿ ತಾನಾಗಿ ಎದ್ದು ಹೊಡೆಯುವುದಿಲ್ಲ, ಬೀಸಿದ್ದು ಯಾವ ಠಾಣೆಯವರು, ಬೀಸಿರಿ ಎಂದ ಅಧಿಕಾರಿ ಯಾರು, ಕೇಳಿಕೊಂಡು ಬಾ ಎಂದು ಕಳಿಸುತ್ತಿದ್ದರು. ನಾವು ಠಾಣೆಗೆ ಫೋನ್ ಮಾಡುತ್ತಿದ್ದೆವು, ಅಲ್ಲಿ ಯಾರೂ ಹೆಸರು ಹೇಳುತ್ತಿರಲಿಲ್ಲ. ಆಗ ಅವರು ಹೇಳಿಕೊಟ್ಟದ್ದನ್ನು ಇಂದಿಗೂ ಪಾಲಿಸುತ್ತೇನೆ. ಮಾಡಿದವರು ಯಾರೆಂದು ತಿಳಿಯದಿದ್ದರೆ ಊಹಿಸಿ ಬರೆಯಬಾರದು, ಆದರೆ ವಾಕ್ಯವನ್ನು ಖಾಲಿಯಾಗಿಯೂ ಬಿಡಬಾರದು. "ಆದೇಶ ಕೊಟ್ಟ ಅಧಿಕಾರಿಯ ಹೆಸರನ್ನು ತಿಳಿಸಲು ಠಾಣೆ ನಿರಾಕರಿಸಿತು" ಎಂದು ಬರೆಯಬೇಕು. ಆಗ ಹೆಸರು ಮುಚ್ಚಿಟ್ಟವರಾದರೂ ವಾಕ್ಯದಲ್ಲಿ ಬಂದು ನಿಲ್ಲುತ್ತಾರೆ. ಮರುದಿನ ಠಾಣೆಯಿಂದ ಫೋನ್ ಬಂದರೆ ಅವರೇ ಎತ್ತಿಕೊಂಡು, ತಾಳ್ಮೆಯಿಂದ ಮಾತನಾಡಿ, ಹೆಸರು ಕೊಡಿ, ನಾಳೆಯೇ ಹಾಕುತ್ತೇವೆ ಎನ್ನುತ್ತಿದ್ದರು. ಅವರು ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ನ್ಯಾಯದ ಬಗ್ಗೆ ನನಗೆ ತಿಳಿದಿರುವುದರಲ್ಲಿ ಬಹುಪಾಲು ಬಂದದ್ದು ಅವರ ಆ ಮೇಜಿನಿಂದಲೇ.

ಈಗ ಎರಡನೆಯ ದೋಷಕ್ಕೆ ಬರುತ್ತೇನೆ. ನನ್ನನ್ನು ಹೆಚ್ಚು ಕಾಡಿದ್ದು ಇದು. "ಕಪ್ಪು ಜನಾಂಗ ತನ್ನ ಪೀಡಕರನ್ನು ಕ್ಷಮಿಸಿತು" ಎಂದು ಬರೆದಿದ್ದೀರಿ, ಅದನ್ನೇ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಹೇಳಿದ್ದೀರಿ. ಕೊಂದವರನ್ನು ಹೆಸರಿಸಲು ಹಿಂಜರಿದ ಲೇಖನ, ಕ್ಷಮಿಸುವ ಕೆಲಸಕ್ಕೆ ಬಂದಾಗ ಮಾತ್ರ ಇಡೀ ಜನಾಂಗವನ್ನೇ ಮುಂದೆ ತಂದು ನಿಲ್ಲಿಸುತ್ತದೆ.

1995ರ ಕಾಯ್ದೆ ಏನು ಹೇಳಿತ್ತು? ಅಪರಾಧದ ಹಿಂದೆ ರಾಜಕೀಯ ಉದ್ದೇಶವಿರಬೇಕು, ಮಾಡಿದ್ದನ್ನೆಲ್ಲ ಮುಚ್ಚಿಡದೆ ಹೇಳಬೇಕು. ಹಾಗಿದ್ದರೆ ಕ್ಷಮಾದಾನ. ಅರ್ಜಿದಾರ ಪಶ್ಚಾತ್ತಾಪ ಪಡಬೇಕೆಂಬ ನಿಯಮವಿರಲಿಲ್ಲ, ಸತ್ತವರ ಮನೆಯವರು ಒಪ್ಪಬೇಕೆಂಬ ನಿಯಮವೂ ಇರಲಿಲ್ಲ. ಕ್ಷಮಾದಾನ ಕೊಟ್ಟದ್ದು ಸಮಿತಿ, ಕಾನೂನಿನ ಬಲದಿಂದ. ಏಳು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು, ಕ್ಷಮಾದಾನ ಸಿಕ್ಕಿದ್ದು 849 ಮಂದಿಗೆ. ಕ್ಷಮಾದಾನ ಪಡೆದವನ ಮೇಲೆ ಕ್ರಿಮಿನಲ್ ಮೊಕದ್ದಮೆಯನ್ನಾಗಲಿ, ಪರಿಹಾರಕ್ಕಾಗಿ ಸಿವಿಲ್ ದಾವೆಯನ್ನಾಗಲಿ ಹೂಡುವಂತಿರಲಿಲ್ಲ. ಇದನ್ನು ಒಪ್ಪದೆ ಬಿಕೊ, ಮ್ಕ್ಸೆಂಗೆ, ರಿಬೇರೊ ಕುಟುಂಬಗಳು ಸಂವಿಧಾನ ನ್ಯಾಯಾಲಯಕ್ಕೆ ಹೋದವು, 1996ರಲ್ಲಿ ಸೋತವು. ಡರ್ಬನ್‌ನ ವಕೀಲ ಗ್ರಿಫಿತ್ಸ್ ಮ್ಕ್ಸೆಂಗೆ ಅವರನ್ನು 1981ರಲ್ಲಿ ಕೊಲ್ಲಿಸಿದ ಪೊಲೀಸ್ ಅಧಿಕಾರಿ ಡರ್ಕ್ ಕೂಟ್ಸಿಯಾ 1997ರಲ್ಲಿ ಕ್ಷಮಾದಾನ ಪಡೆದ. ಮ್ಕ್ಸೆಂಗೆಯ ಸಹೋದರ ಅದನ್ನು ಕೊನೆಯವರೆಗೂ ವಿರೋಧಿಸಿದ್ದರು. ಇವರೆಲ್ಲ ನಿಮ್ಮ 'ಜನಾಂಗ'ದಲ್ಲಿ ಸೇರಿದ್ದಾರೆಯೇ? ಸೇರಿದ್ದರೆ, ಅವರು ನ್ಯಾಯಾಲಯದ ಮೆಟ್ಟಿಲೇರಿ ಆಗದು ಎಂದದ್ದನ್ನು ಆಗಲಿ ಎಂದು ತಿದ್ದುವ ಅಧಿಕಾರ ನಿಮಗಿಲ್ಲ.

ಕ್ಷಮಿಸಿದವರೂ ಇದ್ದರು, ನಿಜ. 1993ರಲ್ಲಿ ಗುಗುಲೆಟುವಿನಲ್ಲಿ ಗುಂಪೊಂದು ಕೊಂದ ಅಮೆರಿಕದ ವಿದ್ಯಾರ್ಥಿನಿ ಏಮಿ ಬೀಲ್ ಅವರ ತಂದೆತಾಯಿ ಕೊಲೆಗಾರರ ಕ್ಷಮಾದಾನಕ್ಕೆ ಅಡ್ಡಬರಲಿಲ್ಲ, ಮುಂದೆ ಅವರಲ್ಲಿ ಇಬ್ಬರಿಗೆ ಕೆಲಸವನ್ನೂ ಕೊಟ್ಟರು. ಅದು ಆ ತಂದೆತಾಯಿಯ ನಿರ್ಧಾರ. ಅವರ ಹೆಸರಿನಲ್ಲಿಯೇ ಬರೆಯಿರಿ, ಅದನ್ನು ಎಲ್ಲರ ತಲೆಗೂ ಕಟ್ಟಬೇಡಿ.

ಐದನೆಯ ಪುಟದಲ್ಲಿ: "ಆಯೋಗದ ಮುಂದೆ ಬಂದ ತಾಯಂದಿರು ತಮ್ಮ ಕಹಿಯನ್ನು ಕಣ್ಣೀರಿನಲ್ಲಿ ತೊಳೆದುಕೊಂಡರು." 1996ರ ಏಪ್ರಿಲ್‌ನಲ್ಲಿ ಈಸ್ಟ್ ಲಂಡನ್ ನಗರದಲ್ಲಿ ನಡೆದ ಮೊದಲ ವಿಚಾರಣೆಯಲ್ಲಿ ಫೋರ್ಟ್ ಕಲಾಟ ಅವರ ಪತ್ನಿ ನೊಮೊಂಡೆ ಸಾಕ್ಷ್ಯ ಹೇಳಿದರು. ಗಂಡ ಮರಳದೆ ಮನೆಯಲ್ಲಿ ಕಾಯುತ್ತಿದ್ದಾಗ ಪತ್ರಿಕೆ ಬಂದಿತ್ತು, ಅದರಲ್ಲಿ ಸುಟ್ಟ ಕಾರಿನ ಚಿತ್ರವಿತ್ತು. ಆಗ ಆಕೆ ಗರ್ಭಿಣಿ. ಇದನ್ನೆಲ್ಲ ಹೇಳುತ್ತ ಆಕೆ ಇದ್ದಕ್ಕಿದ್ದಂತೆ ತಲೆಯನ್ನು ಹಿಂದಕ್ಕೆ ಚೆಲ್ಲಿ ಚೀರಿದರು. ಕಲಾಪವನ್ನು ನಿಲ್ಲಿಸಬೇಕಾಯಿತು. ಆ ಚೀರು ಏನನ್ನೂ ತೊಳೆಯಲಿಲ್ಲ. ಆಕೆ ಬಂದದ್ದು ಕಹಿ ಕಳೆದುಕೊಳ್ಳಲು ಅಲ್ಲ, ಗಂಡನನ್ನು ಕೊಂದವರು ಯಾರೆಂದು ತಿಳಿಯಲು. ಅದೇ ವಿಚಾರಣೆಯಲ್ಲಿ ಸಿಸೆಲೊ ಮ್ಹ್ಲಾವುಲಿಯ ಮಗಳು ಬಬಾಲ್ವಾ, ಕ್ಷಮಿಸಲು ತಮಗೆ ಮನಸ್ಸಿದೆ, ಆದರೆ ಯಾರನ್ನು ಕ್ಷಮಿಸಬೇಕು ಎಂಬುದೇ ಗೊತ್ತಿಲ್ಲ ಎಂದಳು. ಟುಟು ಇದನ್ನು ಮುಂದೆ ಮತ್ತೆ ಮತ್ತೆ ನೆನೆದರು. ನಿಮ್ಮ ಲೇಖನದ ಎರಡು ದೋಷಗಳನ್ನೂ ಆ ಹುಡುಗಿ ಒಂದೇ ಮಾತಿನಲ್ಲಿ ತೋರಿಸಿಕೊಟ್ಟಿದ್ದಾಳೆ. ಮಾಡಿದವರ ಹೆಸರಿಲ್ಲದೆ ಕ್ಷಮೆಯನ್ನು ಯಾರ ಕೈಗೆ ಕೊಡುವುದು? ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ ಎಂಬುದೇ ನನಗೆ ಆಶ್ಚರ್ಯ.

ಕೊನೆಯ ಸಾಲನ್ನು ಹೊಡೆದುಹಾಕಿದ್ದೇನೆ: "ಇಂದು ಆ ನಾಡು ಗಾಯಗಳನ್ನು ಮರೆತು ಮುನ್ನಡೆದಿದೆ." ಕ್ಷಮಾದಾನ ಸಿಗದವರ ಮೇಲೆ ಮೊಕದ್ದಮೆ ಹೂಡಬೇಕೆಂಬುದು ಆ ಒಪ್ಪಂದದ ಇನ್ನರ್ಧ. ಆಯೋಗ ನೂರಾರು ಪ್ರಕರಣಗಳನ್ನು ಸರ್ಕಾರಿ ಅಭಿಯೋಜಕರ ಕೈಗೆ ಕೊಟ್ಟಿತು, ನ್ಯಾಯಾಲಯ ತಲುಪಿದ್ದು ಬೆರಳೆಣಿಕೆಯಷ್ಟು. ಆಯೋಗ ಆರು ವರ್ಷಗಳ ವಾರ್ಷಿಕ ಪರಿಹಾರವನ್ನು ಶಿಫಾರಸು ಮಾಡಿತ್ತು, ಸರ್ಕಾರ 2003ರಲ್ಲಿ ಒಂದೇ ಸಲಕ್ಕೆ 30,000 ರ‍್ಯಾಂಡ್ ಕೊಟ್ಟು ಮುಗಿಸಿತು. ಟಿಮೋಲ್ ಪ್ರಕರಣದಲ್ಲಿ 2018ರಲ್ಲಿ ಆರೋಪ ಹೊತ್ತ ಮಾಜಿ ಪೊಲೀಸ್ ಜೊವಾವ್ ರೊಡ್ರಿಗಸ್, ವಿಚಾರಣೆ ನಡೆಯುವ ಮುನ್ನವೇ 2021ರಲ್ಲಿ ಸತ್ತ. ಕ್ರಾಡಾಕ್ ಪ್ರಕರಣದಲ್ಲಿ ಕ್ಷಮಾದಾನ ಸಿಗದ ಆರು ಮಂದಿಯಲ್ಲಿ ಒಬ್ಬರನ್ನೂ ಕಟಕಟೆಗೆ ತರಲಿಲ್ಲ, ಈಗ ಅವರಲ್ಲಿ ಯಾರೂ ಬದುಕಿಲ್ಲ. ಆ ನಾಲ್ವರ ಸಾವಿನ ಮೂರನೆಯ ವಿಚಾರಣೆ 2025ರ ಜೂನ್‌ನಲ್ಲಿ ಆರಂಭವಾಯಿತು, ನೊಮೊಂಡೆ ಮತ್ತೊಮ್ಮೆ ಸಾಕ್ಷ್ಯ ಹೇಳಲು ಬಂದರು. ಈ ಪ್ರಕರಣಗಳನ್ನು ಯಾರಾದರೂ ಬೇಕೆಂದೇ ತಡೆದರೇ ಎಂಬುದನ್ನು ಪತ್ತೆಮಾಡಲು ಅಧ್ಯಕ್ಷ ರಾಮಫೋಸಾ ಅದೇ ವರ್ಷ ತನಿಖಾ ಆಯೋಗವನ್ನು ನೇಮಿಸಿದರು. ಮರೆತ ನಾಡು ಹೀಗಿರುವುದಿಲ್ಲ.

ಮಾರ್ಜಿನಿನಲ್ಲಿ ಗುರುತು ಹಾಕಿದ ಪ್ರತಿಯನ್ನು ಇದರೊಂದಿಗೆ ಕಳಿಸಿದ್ದೇನೆ. ಗುರುತು ಹಾಕಿದ ಪ್ರತಿಯೊಂದು ವಾಕ್ಯದಲ್ಲಿಯೂ ಮಾಡಿದವರನ್ನು ತಂದು ಕೂರಿಸಿ. ತಿಳಿಯದ ಕಡೆ, ಅದನ್ನು ಮುಚ್ಚಿಟ್ಟವರು ಯಾರೆಂದು ಬರೆಯಿರಿ. ಕ್ಷಮೆಯ ಮಾತು ಬಂದಲ್ಲೆಲ್ಲ ಕ್ಷಮಿಸಿದವರ ಹೆಸರಿರಲಿ, ಹೆಸರು ಸಿಗದಿದ್ದರೆ ಆ ವಾಕ್ಯವೇ ಬೇಡ. ಜಾಗ ಸಾಲದಿದ್ದರೆ ಗಾಂಧೀಜಿಯ ರೈಲು ಪ್ರಸಂಗವನ್ನು ಬಿಡಿ, ಅದು ನಮ್ಮ ಓದುಗರಿಗೆ ಗೊತ್ತಿರುವುದೇ. ಶೀರ್ಷಿಕೆಯನ್ನೂ ಬದಲಿಸಬೇಕು. ಮುಂದಿನ ತಿಂಗಳ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನು ನಿಮ್ಮ ಲೇಖನಕ್ಕೆಂದು ಬಿಟ್ಟಿದ್ದೇನೆ, ಹದಿನೈದನೆಯ ತಾರೀಖಿನೊಳಗೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕ