ಗಲ್ಲಾ ತುಂಬುತ್ತದೆ, ದುಡ್ಡು ಉಳಿಯಲ್ಲ: ವ್ಯಾಪಾರ ನಡೆಸುವವರ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ನಾನು ಕುಂದಾಪುರ ಕಡೆಯವನು. ತುಂಬಾ ವರ್ಷ ಬೇರೆಯವರ ಹೋಟೆಲಿನಲ್ಲಿ ದುಡಿದು ಕಳೆದ ವರ್ಷ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒಂದು ವೆಜ್ ಹೋಟೆಲ್ ಕಂಡಕ್ಟಿಂಗ್‌ಗೆ, ಅಂದರೆ ಮಾಲೀಕರಿಗೆ ತಿಂಗಳಿಗಿಷ್ಟು ಕೊಟ್ಟು ನಾವೇ ನಡೆಸುವ ಕರಾರಿಗೆ, ತಗೊಂಡೆ. ಬೆಳಿಗ್ಗೆ ಆರಕ್ಕೆ ಗಲ್ಲಾದಲ್ಲಿ ಕೂತರೆ ಏಳುವುದು ರಾತ್ರಿ ಹನ್ನೊಂದಕ್ಕೆ. ಜಿಎಸ್‌ಟಿ ಬಿಟ್ಟು ದಿನಕ್ಕೆ ಸುಮಾರು 22,000 ವ್ಯಾಪಾರ. ತಿಂಗಳಿಗೆ ಕಂಡಕ್ಟಿಂಗ್ 1,50,000, ಒಂಬತ್ತು ಜನರ ಸಂಬಳ 1,80,000, ಸಾಲದ ಕಂತು 40,000, ಕರೆಂಟ್, ನೀರು, ರಿಪೇರಿ 30,000. ದಿನಸಿ, ತರಕಾರಿ, ಹಾಲಿಗೆ ನೂರಕ್ಕೆ 38 ಹೋಗುತ್ತದೆ. ಗ್ಯಾಸು, ಪ್ಯಾಕಿಂಗು, ಆ್ಯಪ್ ಕಮಿಷನ್ ಎಲ್ಲ ಸೇರಿ ಇನ್ನೊಂದು 7. ಟೇಬಲ್ ಖಾಲಿ ಇರಲ್ಲ, ಆದರೂ ಸಂಬಳದ ದಿನ ಕೈಸಾಲ ಮಾಡುವಂತಾಗಿದೆ. ನಿನಗೆ ಮ್ಯಾನೇಜ್‌ಮೆಂಟ್ ಬರಲ್ಲಪ್ಪ ಅಂತಾಳೆ ಮಗಳು.

ಉತ್ತರ: ನೀವು ಲೆಕ್ಕ ಇಷ್ಟು ಸ್ಪಷ್ಟವಾಗಿ ಬರೆದು ಕಳಿಸಿದ್ದೇ ದೊಡ್ಡ ಕೆಲಸ. ಅರ್ಧ ಉತ್ತರ ಅದರಲ್ಲೇ ಇದೆ. ಒಟ್ಟಿಗೆ ನೋಡೋಣ.

ವ್ಯಾಪಾರ ಆಗಲಿ ಬಿಡಲಿ, ನೀವು ಕೊಡಲೇಬೇಕಾದ್ದು ತಿಂಗಳಿಗೆ 4,00,000. ವ್ಯಾಪಾರದ ಪ್ರತಿ ರೂಪಾಯಿಯಲ್ಲಿ 45 ಪೈಸೆ ಸಾಮಾನಿಗೂ ಗ್ಯಾಸಿಗೂ ಹೋದರೆ ಕೈಯಲ್ಲಿ ಉಳಿಯುವುದು 55 ಪೈಸೆ. ಆ 55 ಪೈಸೆಗಳೆಲ್ಲ ಸೇರಿ 4,00,000 ಆಗಬೇಕಾದರೆ ತಿಂಗಳಿಗೆ ಸುಮಾರು 7,27,000, ಅಂದರೆ ದಿನಕ್ಕೆ 24,200ರಷ್ಟು ವ್ಯಾಪಾರ ಬೇಕು. ನಿಮ್ಮದು 22,000. ಟೇಬಲ್ ತುಂಬಿದ್ದರೂ ತಿಂಗಳಿಗೆ 37,000 ಕಡಿಮೆ ಬೀಳುತ್ತಿದೆ. ಕೈಸಾಲ ಹುಟ್ಟುತ್ತಿರುವುದು ಇಲ್ಲಿಂದ. ಇನ್ನೊಂದು ಮಾತು. ಈ ಲೆಕ್ಕದಲ್ಲಿ ನಿಮ್ಮ ಸಂಬಳವೇ ಇಲ್ಲ! ಮನೆಖರ್ಚಿಗೆ ಬೇಕಾದಾಗ ಗಲ್ಲಾದಿಂದ ತೆಗೆಯುತ್ತೀರಿ, ಅಲ್ವಾ? ಅದನ್ನು ಇವತ್ತೇ ನಿಲ್ಲಿಸಿ. ನಿಮಗೂ ಒಂದು ಸಂಬಳ ಅಂತ ಗೊತ್ತು ಮಾಡಿ. 40,000 ಅನ್ನಿ, ಅದನ್ನೂ ಖರ್ಚಿಗೆ ಸೇರಿಸಿ.

ಈಗ ದಿನಸಿಯ 38 ನೋಡಿ. ನಮ್ಮ ಕಡೆಯ ವೆಜ್ ಹೋಟೆಲಿಗೆ ಇದು ಜಾಸ್ತಿ, 33ಕ್ಕೆ ಇಳಿಸಬಹುದು. ಇಳಿದರೆ ರೂಪಾಯಿಗೆ 60 ಪೈಸೆ ಉಳಿಯುತ್ತದೆ. ಆಗ ದಿನಕ್ಕೆ 22,200 ಆದರೆ ಖರ್ಚು ಸರಿದೂಗುತ್ತದೆ, 24,500 ಆದರೆ ನಿಮ್ಮ ಸಂಬಳವೂ ಹುಟ್ಟುತ್ತದೆ. ಅಂದರೆ ನೀವು ದಿನಕ್ಕೆ 2,500 ರೂಪಾಯಿ ವ್ಯಾಪಾರ ಏರಿಸಬೇಕು, ನೂರಕ್ಕೆ 5 ಪೋಲು ನಿಲ್ಲಿಸಬೇಕು. ಕೆಲಸ ಇಷ್ಟೇ. ಇಂಥ ಗುರಿ ಕೈಗೆ ಸಿಕ್ಕಿದ ಮೇಲೆ ರಾತ್ರಿ ನಿದ್ದೆ ಬರುತ್ತದೆ.

ಪೋಲು ಎಲ್ಲಿ ಆಗುತ್ತಿದೆ ಅನ್ನೋದು ಗಲ್ಲಾದಲ್ಲಿ ಕೂತವರಿಗೆ ಕಾಣಲ್ಲ. ಅದು ಸ್ಟೋರಿನಲ್ಲಿ, ಅಡುಗೆಮನೆಯಲ್ಲಿ ಇರುತ್ತದೆ. ಎಲ್ಲ ಸಾಮಾನನ್ನೂ ತೂಗುತ್ತಾ ಕೂರಬೇಡಿ, ಬೇಸತ್ತು ಎರಡು ವಾರಕ್ಕೆ ಬಿಟ್ಟುಬಿಡುತ್ತೀರಿ. ದುಡ್ಡು ತಿನ್ನುವುದು ಏಳೆಂಟು ಸಾಮಾನು ಮಾತ್ರ: ಎಣ್ಣೆ, ತುಪ್ಪ, ಬೆಣ್ಣೆ, ಅಕ್ಕಿ, ಉದ್ದಿನಬೇಳೆ, ಹಾಲು, ಪನೀರ್, ಗೇರುಬೀಜ. ಭಾನುವಾರ ರಾತ್ರಿ ಇವಿಷ್ಟನ್ನು ತೂಗಿ ಬರೆದಿಡಿ. ಹೋದ ವಾರ ಉಳಿದದ್ದು, ಅದಕ್ಕೆ ಈ ವಾರ ತಂದದ್ದು ಸೇರಿಸಿ, ಈಗ ಇರುವುದನ್ನು ಕಳೆಯಿರಿ. ಖರ್ಚಾದದ್ದು ಸಿಕ್ಕಿತು. ಎಷ್ಟು ದೋಸೆ ಹೋಯಿತು ಅಂತ ಬಿಲ್ಲಿಂಗ್ ಮೆಷಿನ್ ಹೇಳುತ್ತದೆ, ಆ ದೋಸೆಗಳಿಗೆ ಎಷ್ಟು ಉದ್ದು ಬೇಕಿತ್ತು ಅಂತ ಭಟ್ಟರು ಹೇಳುತ್ತಾರೆ. ಎರಡಕ್ಕೂ ತಾಳೆ ಬೀಳದಿದ್ದರೆ ಒಂದೋ ಹಿಟ್ಟು ಹುಳಿ ಬಂದು ಚೆಲ್ಲಿದ್ದಾರೆ, ಇಲ್ಲ ಸೌಟು ದೊಡ್ಡದಾಗಿದೆ, ಇಲ್ಲ ಸಾಮಾನು ಬರುವಾಗಲೇ ತೂಕ ಕಡಿಮೆ ಬಂದಿದೆ. ಯಾರನ್ನೂ ಕಳ್ಳ ಅನ್ನುವ ಮೊದಲು ಈ ಮೂರನ್ನೂ ನೋಡಿ. ವಾಶಿ ಮಾರ್ಕೆಟ್ಟಿನಿಂದ ತರುವವನೇ ತೂಗಿ ಒಳಗೆ ಇಡುವುದು ಬೇಡ. ತರುವವನೊಬ್ಬ, ತೂಗುವವನೊಬ್ಬ. ಇದರಲ್ಲಿ ಅಪನಂಬಿಕೆ ಏನಿಲ್ಲ, ಒಳ್ಳೆಯ ಹುಡುಗನ ಮೇಲೆ ಸುಮ್ನೆ ಸಂಶಯ ಬರದಂತೆ ಇದೇ ಕಾಯುತ್ತದೆ.

ಮೆನು ಎಷ್ಟು ಉದ್ದ ಇದೆ? ಚೈನೀಸು, ಪಂಜಾಬಿ, ಪಾವ್‌ಭಾಜಿ, ಜ್ಯೂಸು ಎಲ್ಲ ಇದ್ದರೆ ಪ್ರತಿಯೊಂದಕ್ಕೂ ಬೇರೆ ಸಾಮಾನು ಫ್ರಿಜ್‌ನಲ್ಲಿ ಕೂತು ಹಾಳಾಗುತ್ತಿರುತ್ತದೆ. ಮುಂಬೈಯ ಮಾಟುಂಗ ಸ್ಟೇಷನ್ ಹತ್ತಿರ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಊಟವನ್ನೇ ನಂಬಿ ಇಷ್ಟು ವರ್ಷ ನಡೆದುಕೊಂಡು ಬಂದಿದೆ. ಆರು ತಿಂಗಳ ಬಿಲ್ ತೆಗೆದು ನೋಡಿ, ದಿನಕ್ಕೆ ಒಂದೆರಡೂ ಹೋಗದ ಐಟಂಗಳನ್ನು ಕಿತ್ತುಹಾಕಿ. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಜಿಎಸ್‌ಟಿ ವಿಷಯ. ನೀವು ಗಿರಾಕಿಯಿಂದ ತಗೊಳ್ಳುವ 5 ಪರ್ಸೆಂಟ್ ಗಲ್ಲಾದಲ್ಲೇ ಬಿದ್ದಿರುತ್ತದೆ. ನಿಮ್ಮ ವ್ಯಾಪಾರಕ್ಕೆ ಅದು ತಿಂಗಳಿಗೆ 33,000ದವರೆಗೆ ಬರುತ್ತದೆ. ಆ್ಯಪ್ ಮೂಲಕ ಹೋದ ಆರ್ಡರ್‌ಗಳದ್ದನ್ನು 2022ರ ಜನವರಿಯಿಂದ ಆ್ಯಪ್‌ನವರೇ ಕಟ್ಟುತ್ತಾರೆ, ಉಳಿದದ್ದು ನಿಮ್ಮ ಜವಾಬ್ದಾರಿ. ಅದು ನಿಮ್ಮ ದುಡ್ಡಲ್ಲ. ದಿನಾ ರಾತ್ರಿ ಬೇರೆ ಬ್ಯಾಂಕ್ ಖಾತೆಗೆ ಹಾಕಿಬಿಡಿ. ಈ 5 ಪರ್ಸೆಂಟ್ ಪದ್ಧತಿಯಲ್ಲಿ ಪ್ಯಾಕಿಂಗ್ ಡಬ್ಬಿಗೆ, ಗ್ಯಾಸಿಗೆ ನೀವು ಕೊಟ್ಟ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ, ಹಾಗಾಗಿ ಅದನ್ನು ಖರ್ಚಿಗೇ ಸೇರಿಸಿ ರೇಟು ಕಟ್ಟಿ.

ಕೊನೆಗೆ ಜನ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾ ಶುರುವಾಗುವ ಮೊದಲು ಹತ್ತು ನಿಮಿಷ ಎಲ್ಲರೂ ನಿಂತು ಮಾತಾಡಿ: ನಿನ್ನೆ ಏನು ಉಳಿಯಿತು, ಗಿರಾಕಿ ಏನು ದೂರು ಹೇಳಿದ, ನಾಳೆ ಯಾರಿಗೆ ರಜೆ. ಕೆಲಸದವರಿಗೆ ವಾರಕ್ಕೊಂದು ದಿನ ಪೂರ್ತಿ ರಜೆ ಕೊಡಿ, ಅದನ್ನು ತಪ್ಪಿಸಬೇಡಿ. ಏಪ್ರಿಲ್-ಮೇ ಬಂದರೆ ಎಲ್ಲರಿಗೂ ಊರು ನೆನಪಾಗುತ್ತದೆ. ಭೂತಕೋಲ, ಮದುವೆ, ಜಾತ್ರೆ ಬಿಟ್ಟು ಇರು ಅಂತ ಹೇಳಲು ನಮಗೇನು ಹಕ್ಕಿದೆ? ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಹಾಗಾಗಿ ಜನವರಿಯಲ್ಲೇ ಯಾರು ಯಾವಾಗ ಹೋಗುತ್ತಾರೆ ಅಂತ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಊರಿಗೆ ಹೋಗುವ ಮತ್ಸ್ಯಗಂಧ ರೈಲಿನಲ್ಲಿ ಟಿಕೆಟ್ ಸಿಕ್ಕ ಹುಡುಗ ವಾಪಸ್ ಬರುವ ದಿನವನ್ನೂ ಹೇಳಿ ಹೋಗುತ್ತಾನೆ.

ದಿನಕ್ಕೆ ಎರಡು ಗಂಟೆಯಾದರೂ ಗಲ್ಲಾಕ್ಕೆ ಬೇರೆಯವರನ್ನು ಕೂರಿಸಿ, ನೀವು ಒಳಗೆ ಓಡಾಡಿ. ನಿಮ್ಮ ಮಗಳಿಗೆ ಲೆಕ್ಕ ಇಷ್ಟವಾದರೆ ಭಾನುವಾರದ ತೂಕದ ಪುಸ್ತಕ ಅವಳ ಕೈಗೆ ಕೊಡಿ.

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ನಮ್ಮದು ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಚಿಕ್ಕ ಮಷಿನ್ ಶಾಪ್, ಐದು ಜನ ಇದ್ದೇವೆ. ಲಾಭ ಇದೆ, ಆದರೆ ಕಂಪನಿಯವರು 90 ದಿನಕ್ಕೂ ಪೇಮೆಂಟ್ ಮಾಡಲ್ಲ. ಜಗಳ ಆಡಿದರೆ ಆರ್ಡರ್ ಹೋಗುತ್ತದೆ. ದಾರಿ ಇದೆಯಾ?

ಉತ್ತರ: ಇದೆ. ಜಗಳಕ್ಕೆ ಮೊದಲು ಒಂದು ಕೆಲಸ ಮಾಡಿ: ಬಿಲ್ ಯಾಕೆ ನಿಂತಿತು ಅಂತ ಕೇಳುತ್ತಾ ಹಿಂದಕ್ಕೆ ಹೋಗಿ. ಅಕೌಂಟ್ಸ್‌ನವರು ಪಾಸ್ ಮಾಡಿಲ್ಲ. ಯಾಕೆ? ಮಾಲು ತಲುಪಿದ ಎಂಟ್ರಿ ಇಲ್ಲ. ಯಾಕೆ? ಚಲನ್ ಮೇಲೆ ಪಿಒ ನಂಬರ್ (ಅವರ ಖರೀದಿ ಆರ್ಡರಿನ ನಂಬರ್) ತಪ್ಪಿತ್ತು. ಎಷ್ಟೋ ಸಲ ಕಾರಣ ನಮ್ಮ ಕಡೆಯ ಕಾಗದದಲ್ಲೇ ಇರುತ್ತದೆ, ಅದನ್ನು ಒಂದು ದಿನದಲ್ಲಿ ಸರಿ ಮಾಡಬಹುದು.

ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಇದೆ, ನಿಮ್ಮದು ಆಗಿದೆಯಾ? ಇಲ್ಲದಿದ್ದರೆ ಈ ವಾರವೇ ಮಾಡಿಸಿ, ಆನ್‌ಲೈನ್‌ನಲ್ಲಿ ಪುಕ್ಕಟೆ. ನೋಂದಣಿ ಇರುವ ಸಣ್ಣ ಘಟಕಕ್ಕೆ 2006ರ ಸಣ್ಣ ಉದ್ಯಮಗಳ (ಎಂಎಸ್‌ಎಂಇ) ಕಾಯ್ದೆ ಪ್ರಕಾರ, ಬರಹದ ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಇದಕ್ಕಿಂತ ಕೆಲಸ ಮಾಡುವುದು ಇನ್ನೊಂದು: 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮ. ಈ ಗಡುವಿನೊಳಗೆ ಕೊಡದೆ ವರ್ಷ ಮುಗಿದರೂ ಬಾಕಿ ಇಟ್ಟ ಮೊತ್ತವನ್ನು ಆ ಕಂಪನಿ ಆ ವರ್ಷದ ಖರ್ಚಿಗೆ ಹಿಡಿಯುವಂತಿಲ್ಲ. ಹಾಗಾಗಿ ಬಿಲ್ ಮೇಲೆ ಉದ್ಯಮ್ ನಂಬರ್ ದಪ್ಪ ಅಕ್ಷರದಲ್ಲಿ ಹಾಕಿ. ಅವರ ಅಕೌಂಟ್ಸ್‌ನವರಿಗೆ ಅದು ಅರ್ಥವಾಗುತ್ತದೆ, ನೀವು ದನಿ ಏರಿಸುವುದೇ ಬೇಡ. ಕಂಪನಿಯ ವರ್ಷದ ವಹಿವಾಟು 250 ಕೋಟಿ ದಾಟಿದರೆ ಅದು ಟ್ರೆಡ್ಸ್ ಅನ್ನುವ ಆನ್‌ಲೈನ್ ಬಿಲ್ ವೇದಿಕೆಯಲ್ಲಿ ಇರಲೇಬೇಕು. ಅವರು ಅಲ್ಲಿ ಬಿಲ್ ಒಪ್ಪಿದರೆ ಬ್ಯಾಂಕ್ ಸ್ವಲ್ಪ ಬಡ್ಡಿ ಹಿಡಿದು ನಿಮಗೆ ಮೊದಲೇ ದುಡ್ಡು ಕೊಡುತ್ತದೆ.

ಜೊತೆಗೆ ಮುಂದಿನ 13 ವಾರಗಳ ಒಂದು ಹಾಳೆ ಇಟ್ಟುಕೊಳ್ಳಿ: ಯಾವ ವಾರ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ. ಲಾಭ ಇರುವ ಎಷ್ಟೋ ಶಾಪ್‌ಗಳು ಮುಚ್ಚಿದ್ದು ಕೈಯಲ್ಲಿ ನಗದು ಇಲ್ಲದೆ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ, ನಾವು ಮೂವರು ಹೊಲಿಯುತ್ತೇವೆ. ಗಣೇಶನ ಚವತಿ ಹತ್ತಿರ ಬಂದರೆ ಹೇಳಿದ ದಿನಕ್ಕೆ ಕೊಡಲು ಆಗುವುದೇ ಇಲ್ಲ. ನಾನು ಹತ್ತನೇ ಕ್ಲಾಸ್ ಅಷ್ಟೇ ಓದಿದ್ದು. ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಬೇಕಾ?

ಉತ್ತರ: ಬೇಡ, ಸದ್ಯಕ್ಕೆ ಬೇಡ. ಯೋಜನೆ ಹಾಕು, ಜನ-ಸಾಮಾನು ಜೋಡಿಸು, ಕೆಲಸ ಹೇಳು, ಒಂದಕ್ಕೊಂದು ಹೊಂದಿಸು, ಆದದ್ದನ್ನು ಪರೀಕ್ಷಿಸು ಅಂತ ಆಡಳಿತದ ಐದು ಕೆಲಸಗಳನ್ನು 1916ರಲ್ಲಿ ಪಟ್ಟಿ ಮಾಡಿದ ಆನ್ರಿ ಫಯೋಲ್ ಫ್ರಾನ್ಸಿನ ಗಣಿ ಎಂಜಿನಿಯರ್. ದಿವಾಳಿಯ ಅಂಚಿನಲ್ಲಿದ್ದ ಗಣಿ ಕಂಪನಿಯನ್ನು ನಡೆಸಿ ಎತ್ತಿ ನಿಲ್ಲಿಸಿದ ಅನುಭವದಿಂದ ಬರೆದದ್ದು ಅದು. ನೀವೂ ದಿನಾ ಇದನ್ನೇ ಮಾಡುತ್ತಿದ್ದೀರಿ. ನಿಮ್ಮಲ್ಲಿ ಕೊರತೆ ಇರುವುದು ಮೊದಲನೆಯದರಲ್ಲಿ ಮಾತ್ರ.

ಒಬ್ಬೊಬ್ಬರು ದಿನಕ್ಕೆ ನಾಲ್ಕು ಬ್ಲೌಸ್ ಅನ್ನಿ. ಮೂವರಿಗೆ 12, ವಾರದ ಆರು ದಿನಕ್ಕೆ 72. ಕರೆಂಟ್ ಹೋಗುತ್ತದೆ, ಯಾರಿಗೋ ಜ್ವರ ಬರುತ್ತದೆ, ಆಲ್ಟರೇಷನ್ ಬರುತ್ತದೆ. ಅದಕ್ಕೇ ವಾರಕ್ಕೆ 60 ಮಾತ್ರ ಒಪ್ಪಿಕೊಳ್ಳಿ. ಒಂದು ಕ್ಯಾಲೆಂಡರ್ ಗೋಡೆಗೆ ಹಾಕಿ, ಆರ್ಡರ್ ಬಂದಾಗ ಕೊಡುವ ವಾರದ ಮನೆಯಲ್ಲಿ ಬರೆಯಿರಿ. 60 ತುಂಬಿದ ವಾರಕ್ಕೆ ಎಷ್ಟೇ ಹತ್ತಿರದವರು ಬಂದರೂ ಮುಂದಿನ ವಾರದ ದಿನಾಂಕವನ್ನೇ ಹೇಳಿ. ಚವತಿಯ ಹಿಂದಿನ ವಾರ ಹೊಸ ಆರ್ಡರ್ ಇಲ್ಲ ಅಂತ ಒಂದು ತಿಂಗಳು ಮೊದಲೇ ಬೋರ್ಡ್ ಹಾಕಿ, ಅರ್ಧ ದುಡ್ಡು ಮುಂಗಡ ತಗೊಳ್ಳಿ, ಆ ದುಡ್ಡಿನಿಂದಲೇ ಲೈನಿಂಗ್, ದಾರ, ಹುಕ್ಕು ಒಟ್ಟಿಗೆ ತಂದಿಡಿ.