ಓದುಗರ ಪ್ರಶ್ನೆ: ಆಫ್ರಿಕಾದ ಇಂದಿನ ಕಾದಂಬರಿಗಳನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಮಲ್ಲೇಶ್ವರದಲ್ಲಿ ನಾವು ಏಳೆಂಟು ಮಂದಿ ಗೆಳೆಯರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಒಂದು ಪುಸ್ತಕವನ್ನು ಕುರಿತು ಚರ್ಚಿಸುತ್ತೇವೆ. ಮುಂದಿನ ವರ್ಷವನ್ನು ಆಫ್ರಿಕಾದ ಇತ್ತೀಚಿನ ಕಾದಂಬರಿಗಳಿಗೆ ಮೀಸಲಿಡಬೇಕೆಂದಿದ್ದೇವೆ. ಚಿನುವಾ ಅಚೆಬೆಯವರನ್ನು ಓದಿರುವುದು ಬಿಟ್ಟರೆ ನಮಗೆ ಹೆಚ್ಚೇನೂ ತಿಳಿಯದು. ಹನ್ನೆರಡು ತಿಂಗಳಿಗೆ ಹನ್ನೆರಡು ದೇಶಗಳ ಪುಸ್ತಕಗಳನ್ನು ಸೂಚಿಸುವಿರಾ?

ಉತ್ತರ: ಪುಸ್ತಕಗಳನ್ನು ಸೂಚಿಸುತ್ತೇನೆ, ಹನ್ನೆರಡು ದೇಶಗಳೆಂಬ ನಿಯಮವನ್ನು ಮಾತ್ರ ದಯವಿಟ್ಟು ಕೈಬಿಡಿ. 54 ದೇಶಗಳಿರುವ ಖಂಡದಲ್ಲಿ ತಿಂಗಳಿಗೊಂದು ಗಡಿ ದಾಟುತ್ತಾ ಹೋದರೆ ವರ್ಷದ ಕೊನೆಗೆ ಹೆಸರುಗಳು ಉಳಿಯುತ್ತವೆಯೇ ಹೊರತು ಯಾವ ಊರಿನ ಒಡನಾಟವೂ ಉಳಿಯುವುದಿಲ್ಲ. ಒಂದು ಸೀಮೆಯಲ್ಲಿ ಮೂರು ನಾಲ್ಕು ತಿಂಗಳು ನಿಂತು ಓದಿದರೆ, ಮೊದಲ ಪುಸ್ತಕ ಎತ್ತಿದ ಮಾತನ್ನು ಮುಂದಿನದು ಒಪ್ಪುವುದೋ ಅಲ್ಲಗಳೆಯುವುದೋ ನಿಮಗೇ ಕಾಣತೊಡಗುತ್ತದೆ. ಅಚೆಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ 1958ರ ಕೃತಿ. ಅದನ್ನು ಓದಿರುವ ನೀವು ಮತ್ತೆ ಅಲ್ಲಿಂದಲೇ ಹೊರಡಬೇಕಾಗಿಲ್ಲ.

ಪೂರ್ವ ಕರಾವಳಿಯಿಂದ ಆರಂಭಿಸುವುದು ನಮಗೆ ಸಹಜ, ಏಕೆಂದರೆ ಆ ಕಡಲು ನಮ್ಮ ಪಶ್ಚಿಮ ಕರಾವಳಿಯ ಕಡಲೂ ಹೌದು. 2021ರಲ್ಲಿ ನೊಬೆಲ್ ಪಡೆದ ಅಬ್ದುಲ್‌ರಜಾಕ್ ಗುರ್ನಾ 1948ರಲ್ಲಿ ಜಾಂಜಿಬಾರಿನಲ್ಲಿ ಹುಟ್ಟಿದವರು. 1964ರ ಕ್ರಾಂತಿಯ ನಂತರದ ವರ್ಷಗಳಲ್ಲಿ ದ್ವೀಪವನ್ನು ತೊರೆದು ಇಂಗ್ಲೆಂಡ್ ಸೇರಿದವರು. ಅವರ ‘ಪ್ಯಾರಡೈಸ್’ (1994) ಕಾದಂಬರಿಯಲ್ಲಿ ಯೂಸುಫ್ ಎಂಬ ಹನ್ನೆರಡು ವರ್ಷದ ಹುಡುಗನನ್ನು ತಂದೆಯ ಸಾಲಕ್ಕೆ ಪ್ರತಿಯಾಗಿ ಒಬ್ಬ ವ್ಯಾಪಾರಿಯ ಕೈಗೆ ಒಪ್ಪಿಸಲಾಗುತ್ತದೆ, ಮತ್ತು ಆ ವ್ಯಾಪಾರಿಯ ಸಾರ್ಥದೊಡನೆ ಅವನು ಒಳನಾಡಿಗೆ ಮಾಡುವ ಪ್ರಯಾಣವೇ ಕಥೆಯ ಬೆನ್ನೆಲುಬಾಗುತ್ತದೆ. ಜೀತವೆಂಬುದು ಏನೆಂದು ಕರ್ನಾಟಕದ ಓದುಗರಿಗೆ ವಿವರಿಸಬೇಕಾಗಿಲ್ಲ. ಆದರೆ ಒಡೆಯನನ್ನು ‘ಚಿಕ್ಕಪ್ಪ’ ಎಂದು ಕರೆಯುತ್ತಾ ಬೆಳೆಯುವ ಹುಡುಗನಿಗೆ ತಾನು ಅಡವಿನ ವಸ್ತು ಎಂಬುದು ಅರಿವಾಗುವ ನಿಧಾನವನ್ನು ಗುರ್ನಾ ಎಲ್ಲಿಯೂ ದನಿ ಏರಿಸದೆ ಬರೆದಿರುವ ರೀತಿ ಅಪರೂಪದ್ದು. ಅವನನ್ನು ಸುತ್ತುವರಿದ ಜಗತ್ತಿನಲ್ಲಿ ಅರಬರು, ಸ್ವಾಹಿಲಿ ಜನ, ಭಾರತೀಯ ಲೇವಾದೇವಿಗಾರರು, ಒಬ್ಬ ಸಿಖ್ ಮೆಕ್ಯಾನಿಕ್, ಕೊನೆಗೆ ಜರ್ಮನ್ ಸೈನ್ಯ, ಎಲ್ಲರೂ ಇದ್ದಾರೆ. ಮರುತಿಂಗಳು ಅವರದೇ ‘ಆಫ್ಟರ್‌ಲೈವ್ಸ್’ (2020) ಓದಿ. ಮೊದಲನೆಯದು ನಿಂತ ಕಾಲಘಟ್ಟದ ಆಸುಪಾಸಿನಿಂದಲೇ ಅದು ಮುಂದುವರಿದು, ಯುರೋಪಿನವರ ಮೊದಲ ಮಹಾಯುದ್ಧವನ್ನು ಆಫ್ರಿಕಾದ ನೆಲದಲ್ಲಿ ಯಾರು ಯಾರಿಗಾಗಿ ಹೋರಾಡಿದರು ಎಂಬುದನ್ನು ತೋರಿಸುತ್ತದೆ. ಅದರ ಮುಖ್ಯ ಪಾತ್ರಗಳಲ್ಲೊಬ್ಬನಾದ ಖಲೀಫಾನ ತಂದೆ ಗುಜರಾತಿನವನು.

ಮೂರನೆಯ ಪುಸ್ತಕವಾಗಿ ಉಗಾಂಡಾದ ಜೆನಿಫರ್ ನನ್ಸುಬುಗಾ ಮಕುಂಬಿಯವರ ‘ಕಿಂಟು’ ಇರಲಿ. ಅದಕ್ಕೆ ಎರಡು ತಿಂಗಳು ಕೊಡಿ. 1750ರಲ್ಲಿ, ಇಂದಿನ ಉಗಾಂಡಾದ ಭಾಗವಾಗಿರುವ ಬುಗಾಂಡಾ ರಾಜ್ಯದ ಹೊಸ ಅರಸನಿಗೆ ನಿಷ್ಠೆ ತೋರಲು ಹೊರಟ ಕಿಂಟು ಎಂಬ ಪ್ರಾಂತಾಧಿಪತಿ ದಾರಿಯಲ್ಲಿ ತನ್ನ ಸಾಕುಮಗನಿಗೆ ಕೊಟ್ಟ ಒಂದು ಏಟು ಆ ಹುಡುಗನ ಸಾವಿಗೆ ಕಾರಣವಾಗುತ್ತದೆ. ಅದರಿಂದ ತಗುಲಿದ ಶಾಪ 2004ರ ಕಂಪಾಲಾದವರೆಗೂ ಆ ವಂಶವನ್ನು ಹಿಂಬಾಲಿಸುತ್ತದೆ. ಕುಲದೈವಕ್ಕೆ ಹರಕೆ ತಪ್ಪಿದ ಕುಟುಂಬವೊಂದು ತಲೆಮಾರುಗಳ ನಂತರ ಮೂಲಸ್ಥಾನದಲ್ಲಿ ಒಟ್ಟುಗೂಡುವುದನ್ನು ಕಂಡಿರುವ ನಮ್ಮವರಿಗೆ ಈ ಕಾದಂಬರಿಯ ಕೊನೆಯ ಭಾಗ ಅಪರಿಚಿತವೆನಿಸುವುದಿಲ್ಲ. ನಾನು ಇದನ್ನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಬ್ರಿಟಿಷ್ ಆಳ್ವಿಕೆಯ ಕಾಲವನ್ನು ಮಕುಂಬಿ ಬಹುತೇಕ ಹಾರಿಸಿಬಿಟ್ಟಿದ್ದಾರೆ. ವಸಾಹತುಶಾಹಿಯೇ ಆಫ್ರಿಕಾದ ಎಲ್ಲ ಕಥೆಗಳ ಕೇಂದ್ರ ಎಂದು ನಂಬಿರುವ ಓದುಗರಿಗೆ, ಅದನ್ನು ಬದಿಗಿರಿಸಿಯೂ ಒಂದು ನಾಡಿನ ಇನ್ನೂರೈವತ್ತು ವರ್ಷಗಳನ್ನು ಬರೆಯಬಹುದು ಎಂಬುದು ದೊಡ್ಡ ಚರ್ಚೆಯ ವಸ್ತುವಾದೀತು. ಹೆಸರುಗಳು ಬಹಳವಿರುವುದರಿಂದ ವಂಶವೃಕ್ಷವೊಂದನ್ನು ಕೈಯಲ್ಲಿ ಬರೆದಿಟ್ಟುಕೊಳ್ಳಿ.

ಅಲ್ಲಿಂದ ದಕ್ಷಿಣಕ್ಕೆ ಬಂದರೆ ಜಿಂಬಾಬ್ವೆಯ ತ್ಸಿತ್ಸಿ ಡಂಗಾರೆಂಬ್ಗಾ ಅವರ ಮೂರು ಕಾದಂಬರಿಗಳ ಸರಣಿಯಿದೆ. ಮೊದಲನೆಯದಾದ ‘ನರ್ವಸ್ ಕಂಡಿಷನ್ಸ್’ (1988), ಅಣ್ಣ ಸತ್ತಾಗ ತನಗೆ ದುಃಖವಾಗಲಿಲ್ಲವೆಂದು ಹುಡುಗಿಯೊಬ್ಬಳು ಹೇಳುವುದರಿಂದಲೇ ಶುರುವಾಗುತ್ತದೆ. ಅವನ ಸಾವಿನಿಂದಷ್ಟೇ ಅವಳಿಗೆ ಶಾಲೆಯ ಬಾಗಿಲು ತೆರೆಯಿತು. ತಾಂಬು ಎಂಬ ಅದೇ ಹುಡುಗಿಯನ್ನು 2018ರ ‘ದಿಸ್ ಮೌರ್ನಬಲ್ ಬಾಡಿ’ಯಲ್ಲಿ ನಡುವಯಸ್ಸಿನ, ಸೋತ ಹೆಂಗಸಾಗಿ ಮತ್ತೆ ಭೇಟಿಯಾಗುತ್ತೀರಿ. ನಡುವಣ ‘ದ ಬುಕ್ ಆಫ್ ನಾಟ್’ (2006) ಸ್ವಲ್ಪ ಕಠಿಣ. ಸಮಯವಿಲ್ಲದವರು ಬಿಡಬಹುದು ಎಂದು ಹೇಳುವ ಧೈರ್ಯ ನನಗಿದೆ, ಕೆಲವರು ಒಪ್ಪಲಾರರು.

ಉಳಿದ ತಿಂಗಳುಗಳನ್ನು ಪಶ್ಚಿಮಕ್ಕೆ ಇರಿಸಿಕೊಳ್ಳಿ. ನೈಜೀರಿಯಾದ ಚಿಮಾಮಾಂಡ ಎನ್‌ಗೋಜಿ ಅಡಿಚಿಯವರ ‘ಹಾಫ್ ಆಫ್ ಎ ಯೆಲ್ಲೋ ಸನ್’ (2006), ಆ ದೇಶದಿಂದ ಬೇರೆಯಾಗಲು ಹೊರಟ ಬಿಯಾಫ್ರಾದಲ್ಲಿ 1967ರಿಂದ 1970ರವರೆಗೆ ನಡೆದ ಯುದ್ಧದ ಕಾದಂಬರಿ. ಎಲ್ಲರೂ ಅವರಿಂದಲೇ ಆರಂಭಿಸುವುದರಿಂದ ನೀವು ಅವರನ್ನು ಕೊನೆಗೆ ಓದಿ ನೋಡಿ.

ಪ್ರಶ್ನೆ: ಪ್ರತಿ ತಿಂಗಳೂ ಎಲ್ಲೆಲ್ಲೋ ಪ್ರಕಟವಾಗುವ ‘ಓದಲೇಬೇಕಾದ ಆಫ್ರಿಕನ್ ಪುಸ್ತಕ’ಗಳ ಪಟ್ಟಿಗಳಲ್ಲಿ ಲಂಡನ್ ಅಥವಾ ನ್ಯೂಯಾರ್ಕಿನಲ್ಲಿ ನೆಲೆಸಿರುವ ಲೇಖಕರೇ ಹೆಚ್ಚು ಕಾಣುತ್ತಾರೆ. ಇಂಥ ಪಟ್ಟಿಗಳನ್ನು ನಂಬಬಹುದೇ? (ಜಯನಗರದ ಕಾಲೇಜು ಅಧ್ಯಾಪಕಿ)

ಉತ್ತರ: ನಿಮ್ಮ ಸಂಶಯ ನ್ಯಾಯವಾದದ್ದು, ಆದರೆ ಲೇಖಕರ ವಿಳಾಸಕ್ಕಿಂತ ಪುಸ್ತಕ ಮೊದಲು ಎಲ್ಲಿ ಅಚ್ಚಾಯಿತು ಎಂಬುದು ಹೆಚ್ಚು ಉಪಯುಕ್ತವಾದ ಸುಳಿವು. ಮೇಲೆ ಹೇಳಿದ ‘ಕಿಂಟು’ 2014ರಲ್ಲಿ ನೈರೋಬಿಯ ಕ್ವಾನಿ ಸಂಸ್ಥೆಯಿಂದ ಬಂತು. ಅಮೆರಿಕದ ಮುದ್ರಣ ಬಂದದ್ದು 2017ರಲ್ಲಿ. ಮಕುಂಬಿ ಇರುವುದು ಇಂಗ್ಲೆಂಡಿನಲ್ಲಿಯೇ ಆದರೂ ಆ ಕೃತಿಯ ಮೊದಲ ಓದುಗರು ಪೂರ್ವ ಆಫ್ರಿಕಾದವರು, ಅದರ ನಿರೂಪಣೆಯಲ್ಲಿ ಹೊರಗಿನವರಿಗಾಗಿ ನಿಂತು ವಿವರಿಸುವ ಚಾಳಿ ಇಲ್ಲ. ನೈಜೀರಿಯಾದ ಅಬುಜಾದಲ್ಲಿ 2006ರಲ್ಲಿ ಆರಂಭವಾದ ಕಸಾವಾ ರಿಪಬ್ಲಿಕ್‌ನಂಥ ಪ್ರಕಾಶನಗಳ ಹೆಸರು ಪಟ್ಟಿಯಲ್ಲಿ ಕಂಡರೆ ಆಯ್ಕೆ ಮಾಡಿದವರು ಸ್ವಲ್ಪ ದೂರ ನಡೆದಿದ್ದಾರೆಂದು ತಿಳಿಯಬಹುದು.

ಇನ್ನೊಂದು ದಾರಿ ಸಣ್ಣಕಥೆಯದು. ಆಫ್ರಿಕಾದ ಲೇಖಕರಿಗೆ 2000ದಿಂದ ಕೊಡಲಾಗುತ್ತಿರುವ ಕೇನ್ ಪ್ರಶಸ್ತಿ ಕಾದಂಬರಿಗಲ್ಲ, ಒಂದು ಬಿಡಿ ಕಥೆಗೆ ಸಲ್ಲುತ್ತದೆ. ಮೊದಲ ವರ್ಷ ಸುಡಾನಿನ ಲೈಲಾ ಅಬುಲೇಲಾ, 2002ರಲ್ಲಿ ಕೀನ್ಯಾದ ಬಿನ್ಯವಾಂಗಾ ವೈನೈನಾ, 2011ರಲ್ಲಿ ಜಿಂಬಾಬ್ವೆಯ ನೋವಯೊಲೆಟ್ ಬುಲವಾಯೊ ಅದನ್ನು ಪಡೆದರು. ಇದು ಲಂಡನ್ನಿನಿಂದ ಬರುವ ಮನ್ನಣೆಯೆಂಬ ಆಕ್ಷೇಪ ಇದರ ಮೇಲೂ ಇದೆ. ಆದರೂ ಒಂದು ಸಂಜೆಯಲ್ಲಿ ಕಥೆಯೊಂದನ್ನು ಓದಿ, ದನಿ ಹಿಡಿಸಿದರೆ ಮಾತ್ರ ಅವರ ಕಾದಂಬರಿಗೆ ಹೋಗುವ ಅನುಕೂಲವನ್ನು ಬಿಡಬೇಕಾಗಿಲ್ಲ. ವೈನೈನಾ ಪ್ರಶಸ್ತಿಯ ನಂತರ 2003ರಲ್ಲಿ ನೈರೋಬಿಯಲ್ಲಿ ‘ಕ್ವಾನಿ?’ ಪತ್ರಿಕೆಯನ್ನು ಕಟ್ಟಿದರು ಎಂಬುದನ್ನೂ ನೆನೆಯಬೇಕು.

ಪ್ರಶ್ನೆ: ಯುದ್ಧ, ಹಸಿವು, ವಲಸೆ ಬಿಟ್ಟು ಬೇರೇನೂ ಇಲ್ಲವೇ? ನನ್ನ ಮಗಳು ಇದನ್ನೇ ಕೇಳಿ ಪುಸ್ತಕ ಮುಚ್ಚಿಟ್ಟಳು. (ಬನಶಂಕರಿಯ ಗೃಹಿಣಿ)

ಉತ್ತರ: ಬೇಕಾದಷ್ಟಿದೆ. ಮಗಳಿಗೆ ಓಯಿಂಕಾನ್ ಬ್ರೇತ್‌ವೇಟ್ ಅವರ ‘ಮೈ ಸಿಸ್ಟರ್, ದ ಸೀರಿಯಲ್ ಕಿಲ್ಲರ್’ (2018) ಕೊಡಿ. ಲಾಗೋಸಿನ ನರ್ಸ್ ಒಬ್ಬಳು ತನ್ನ ಸುಂದರಿ ತಂಗಿ ಮಾಡುವ ಕೊಲೆಗಳನ್ನು ಒರೆಸಿ ಶುಚಿಮಾಡುತ್ತಾ ಹೋಗುವ, ಕರಾಳ ನಗೆಯ, ಒಂದೇ ಬೈಠಕ್‌ನಲ್ಲಿ ಮುಗಿಯುವ ಕಥೆ. ನಿಮಗಾದರೆ ಬುಲವಾಯೊ ಅವರ ‘ಗ್ಲೋರಿ’ (2022) ಸೂಚಿಸುತ್ತೇನೆ. ಜಿಂಬಾಬ್ವೆಯನ್ನು ದಶಕಗಳ ಕಾಲ ಆಳಿದ ಮುಗಾಬೆಯವರ ಪತನವನ್ನು ಹೋಲುವ ರಾಜಕೀಯವನ್ನು ಅಲ್ಲಿ ಪ್ರಾಣಿಗಳೇ ನಡೆಸುತ್ತವೆ. ಪಂಚತಂತ್ರ ಕೇಳಿ ಬೆಳೆದವರಿಗೆ ಅದರಲ್ಲಿ ತೊಡಕೇನೂ ಇಲ್ಲ.

ಪ್ರಶ್ನೆ: ಫ್ರೆಂಚ್‌ನಲ್ಲಿ ಬರೆಯುವವರನ್ನೂ ತಿಳಿಸಿ. ಪುಸ್ತಕಗಳ ಬೆಲೆ ಭಾರವಾಗುತ್ತದೆ, ಕನ್ನಡದಲ್ಲಿ ಏನಾದರೂ ಸಿಗುತ್ತದೆಯೇ? (ರಾಜಾಜಿನಗರದ ಬ್ಯಾಂಕ್ ಉದ್ಯೋಗಿ)

ಉತ್ತರ: ಸೆನೆಗಲ್ ಒಂದೇ ಸಾಕು. ಮರಿಯಾಮಾ ಬಾ ಅವರ ‘ಸೋ ಲಾಂಗ್ ಎ ಲೆಟರ್’ 1979ರದ್ದಾದರೂ ಅದನ್ನು ಬಿಟ್ಟು ಮುಂದೆ ಹೋಗಬೇಡಿ: ಗಂಡನನ್ನು ಕಳೆದುಕೊಂಡ ಮುಸ್ಲಿಂ ಮಹಿಳೆ, ಅವನು ಎರಡನೆಯ ಹೆಂಡತಿಯಾಗಿ ಮಗಳ ಗೆಳತಿಯನ್ನೇ ತಂದದ್ದನ್ನು ನೆನೆಯುತ್ತಾ, ಸೂತಕದ ದಿನಗಳಲ್ಲಿ ಗೆಳತಿಗೆ ಬರೆಯುವ ಪತ್ರ. ನೂರು ಪುಟದ ಆಸುಪಾಸಿನ ಈ ಪುಸ್ತಕ, ಸಾರಾ ಅಬೂಬಕ್ಕರ್ ಅವರನ್ನು ಓದಿದವರಿಗೆ ಕೂಡಲೇ ಆಪ್ತವಾಗುತ್ತದೆ. ಅದಾದ ಮೇಲೆ ಮೊಹಮ್ಮದ್ ಎಂಬೂಗಾರ್ ಸಾರ್. 2021ರಲ್ಲಿ ಫ್ರಾನ್ಸಿನ ಗೊಂಕೂರ್ ಸಾಹಿತ್ಯ ಪ್ರಶಸ್ತಿ ಗೆದ್ದ ಅವರ ಕಾದಂಬರಿ ‘ದ ಮೋಸ್ಟ್ ಸೀಕ್ರೆಟ್ ಮೆಮರಿ ಆಫ್ ಮೆನ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದಿದೆ. ಕೃತಿಚೌರ್ಯದ ಆರೋಪ ಹೊತ್ತು ಮರೆಯಾದ ಲೇಖಕನೊಬ್ಬನನ್ನು ಯುವ ಬರಹಗಾರನೊಬ್ಬ ಹುಡುಕುವ ಈ ಕಥೆಗೆ, 1968ರಲ್ಲಿ ಫ್ರಾನ್ಸಿನಲ್ಲಿ ಹೊಗಳಿಸಿಕೊಂಡು ಬಳಿಕ ಅದೇ ಆರೋಪಕ್ಕೆ ಸಿಕ್ಕ ಮಾಲಿಯ ಯಾಂಬೊ ಉವೊಲೊಗೆಮ್ ಅವರ ಬದುಕು ಹಿನ್ನೆಲೆಯಾಗಿದೆ.

ಕನ್ನಡಕ್ಕೆ ಅಚೆಬೆ, ಗೂಗಿ ವಾ ಥಿಯಾಂಗೊ ಮೊದಲಾದ ಹಿರಿಯರ ಬರಹ ಬಂದಿದೆ. ಮೇಲೆ ಹೆಸರಿಸಿದ ಹೊಸಬರಿಗೆ ಬಹುಮಟ್ಟಿಗೆ ಇಂಗ್ಲಿಷನ್ನೇ ಅವಲಂಬಿಸಬೇಕಾದೀತು. ಬೆಲೆಯ ವಿಷಯದಲ್ಲಿ, ಗುರ್ನಾ ಮತ್ತು ಅಡಿಚಿಯವರ ಪುಸ್ತಕಗಳು ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದರೆ ಸಿಕ್ಕಾವು. ಹೈನಮನ್ ಸಂಸ್ಥೆ 1962ರಲ್ಲಿ ಶುರುಮಾಡಿದ ಆಫ್ರಿಕನ್ ಲೇಖಕರ ಮಾಲಿಕೆಯ ಕಿತ್ತಳೆ ಬಣ್ಣದ ಹಳೆಯ ಪ್ರತಿಗಳ ಮೇಲೂ ಅಲ್ಲಿ ಕಣ್ಣಿಡಿ. ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯದಲ್ಲಿ ವಿಚಾರಿಸಿ, ಮತ್ತು ಮನೆಯಲ್ಲಿ ಫ್ರೆಂಚ್ ಬಲ್ಲವರಿದ್ದರೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಸಾರ್ ಅವರ ಮೂಲ ಕೃತಿಯನ್ನೇ ಕೇಳಿ ನೋಡಿ.